ಮನೆ ಬದಲಿಸುವಾಗಿನ ಅಮಾನತ್

ಮನೆ ಬದಲಿಸುವುದೆಂದರೆ ಸಾಮಾನು ಸಾಗಿಸುವುದು ಮಾತ್ರವಲ್ಲ, ಅದೊಂದು ಅಮಾನತ್‌ನ ಪರೀಕ್ಷೆ. ಕ್ರಿ.ಶ. 622ರ ಹಿಜ್ರತ್ ನಮಗೆ ಇದನ್ನೇ ಕಲಿಸುತ್ತದೆ.

ಪ್ರವಾದಿವರ್ಯರು(ಸ) ಮಕ್ಕಾ ಬಿಡುವಾಗ ದಾರಿ ತೋರಲು ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ಕೂಲಿಗೆ ಗೊತ್ತುಪಡಿಸಿದರು. ಆತ ಮುಸ್ಲಿಮನಾಗಿರಲಿಲ್ಲ, ಆದರೆ ದಾರಿ ಬಲ್ಲವ, ನಂಬಿಗಸ್ತ. ಒಂಟೆಗಳನ್ನು ಅವನ ವಶಕ್ಕೊಪ್ಪಿಸಿ, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಗೆ ಬರಹೇಳಿದ್ದರು. ಹಿಡಿದುಕೊಟ್ಟವರಿಗೆ ಕುರೈಶರು ಬಹುಮಾನ ಸಾರಿದ್ದರೂ ಆತ ಮಾತು ತಪ್ಪಲಿಲ್ಲ.

ಸಾಮಾನು ಸಾಗಿಸುವವರಲ್ಲಿ ನಾವು ನೋಡಬೇಕಾದುದೂ ಈ ಎರಡು ಗುಣಗಳನ್ನೇ. ಕಡಿಮೆ ಬಾಡಿಗೆಗೆ ಮರುಳಾಗದೆ, ಮೊದಲು ಅವರಿಂದ ಸಾಗಿಸಿಕೊಂಡವರನ್ನು ವಿಚಾರಿಸಿರಿ. ಬಾಡಿಗೆ, ಮಹಡಿ ಹತ್ತಿಸುವ ಕೂಲಿ, ಒಡೆದರೆ ಯಾರ ಹೊಣೆ ಎಂಬುದನ್ನು ಬರೆಸಿಕೊಳ್ಳಿರಿ. ಇದು ಅವಿಶ್ವಾಸವಲ್ಲ, ಸಾಲದ ವ್ಯವಹಾರವನ್ನು ಬರೆದಿಡುವಂತೆ ಕುರ್‌ಆನ್ (2:282) ಆದೇಶಿಸಿದೆ. ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ಸಾಮಾನಿನ ಪಟ್ಟಿಗೆ ಅವರ ಸಹಿ ಪಡೆಯಿರಿ. ಚಿನ್ನ, ನಗದು, ದಾಖಲೆಪತ್ರಗಳು ನಿಮ್ಮ ಕೈಯಲ್ಲೇ ಇರಲಿ.

ಇನ್ನು ನಮ್ಮ ಹೊಣೆ. ತಮ್ಮ ಬಳಿ ಜನರಿಟ್ಟಿದ್ದ ವಸ್ತುಗಳನ್ನು ಮರಳಿಸಲೆಂದೇ ಪ್ರವಾದಿವರ್ಯರು(ಸ) ಹ. ಅಲಿ(ರ)ಯವರನ್ನು ಮಕ್ಕಾದಲ್ಲಿ ಉಳಿಸಿದ್ದರು. ನಾವೂ ಲಾರಿ ಹೊರಡುವ ಮೊದಲು ಅಂಗಡಿಯ ಬಾಕಿ, ಮನೆಮಾಲಕರ ಬೀಗದಕೈ ತಲಪಿಸಬೇಕು. ಸಾಮಾನು ಇಳಿಸಿದ ಕೂಡಲೇ ಹಮಾಲರಿಗೆ ಒಪ್ಪಿದ ಕೂಲಿ ಕೊಡಬೇಕು. ನೆರೆಮನೆಯ ಒಂದು ಪಾತ್ರೆ ನಮ್ಮೊಡನೆ ಬಂದುಬಿಟ್ಟಿದ್ದರೂ, ಆ ಮನೆಯನ್ನು ನಾವು ಇನ್ನೂ ಪೂರ್ತಿ ಬಿಟ್ಟಿಲ್ಲ.