ನಿಮ್ಮೂರಿನ ಬೆಳಕೇ ಚಿತ್ರಕ್ಕೆ ವಸ್ತು
ತೈಲವರ್ಣ ಚಿತ್ರಕಲೆ: ಓದುಗರ ಪ್ರಶ್ನೆಗಳಿಗೆ ಕಲಾವಿದರ ಉತ್ತರ

ಪ್ರಶ್ನೆ: ನಿವೃತ್ತನಾದ ಮೇಲೆ ತೈಲವರ್ಣ ಕಲಿಯುತ್ತಿದ್ದೇನೆ. ಹಂಪಿಗೋ ಬಾದಾಮಿಗೋ ಹೋದರೆ ಕೈ ಓಡುತ್ತದೆ. ನಮ್ಮೂರಲ್ಲಿ ಕೂತರೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಇಲ್ಲಿ ಬೆಟ್ಟ, ಜಲಪಾತ ಒಂದೂ ಇಲ್ಲ.
— ಓದುಗರು, ದಾವಣಗೆರೆ

ಉತ್ತರ: ಹಂಪಿಯಲ್ಲಿ ಬಂಡೆಗಳೇ ಅರ್ಧ ಚಿತ್ರ ಕಟ್ಟಿಕೊಡುತ್ತವೆ. ನಿಮ್ಮೂರಲ್ಲಿ ಆ ಕೆಲಸ ಬೆಳಕಿನದು. ಅದನ್ನು ಕಾದು ನೋಡುವ ಅಭ್ಯಾಸ ಮಾತ್ರ ಬೇಕು. ಫ್ರಾನ್ಸಿನ ಕ್ಲೋದ್ ಮೊನೆ 1890–91ರಲ್ಲಿ ಜಿವರ್ನಿಯ ತನ್ನ ಮನೆ ಹತ್ತಿರದ ಹೊಲದ ಬಣವೆಗಳನ್ನೇ ಸುಮಾರು 25 ಸಲ ಚಿತ್ರಿಸಿದ. ಬಣವೆ ಅವೇ, ಬೆಳಗು, ಸಂಜೆ, ಮಂಜು, ಹಿಮ ಬೇರೆ ಬೇರೆ. ನಮ್ಮ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ರಸ್ತೆಬದಿಯ ಹೂಮರಗಳ ಎದುರಿಗೇ ಕೂತು ಚಿತ್ರ ಬರೆದವರು. ದಿನವೂ ಎಷ್ಟೋ ಜನ ತಲೆಯೆತ್ತಿ ನೋಡದೆ ದಾಟಿಹೋಗುವ ಮರಗಳು ಅವು.

ಒಂದು ಬೆಳಿಗ್ಗೆ ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಬಳಿ ಹೋಗಿ ನಿಲ್ಲಿ. ಮಸಿ ಹಿಡಿದ ಗೋಡೆಯ ಮುಂದೆ ಏಳುವ ಹೊಗೆ ತಿಳಿನೀಲಿಯಾಗಿ ಕಾಣುತ್ತದೆ. ಅದೇ ಹೊಗೆ ಮೇಲೇರಿ ಬೆಳ್ಳನೆಯ ಆಕಾಶಕ್ಕೆ ಎದುರಾದೊಡನೆ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ತಿರುವನ್ನು ಹಿಡಿಯಲು ಹೊರಟರೆ ಒಂದು ಚಿತ್ರಕ್ಕೆ ಸಾಕಾಗುವಷ್ಟು ಕೆಲಸವಿದೆ. ಬೇರೆ ಬೇರೆ ಜಾಗ ಹುಡುಕದೆ ಒಂದು ತಿಂಗಳು ಅಲ್ಲಿಗೇ ಹೋಗಿ.

ಪ್ರಶ್ನೆ: ಸಂಜೆ ಕೆರೆ ಏರಿಯ ಮೇಲೆ ಕೂತು ಬರೆಯುತ್ತೇನೆ. ಬಣ್ಣ ಕಲಸುವಷ್ಟರಲ್ಲಿ ನೆರಳು ಸರಿದಿರುತ್ತದೆ. ತಿದ್ದಿ ತಿದ್ದಿ ಕೊನೆಗೆ ಎಲ್ಲ ಕೆಸರಾಗುತ್ತದೆ.
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ದೊಡ್ಡ ಕ್ಯಾನ್ವಾಸ್ ಮನೆಯಲ್ಲಿರಲಿ, 8×10 ಇಂಚಿನ ಬೋರ್ಡ್ ಸಾಕು. ತೆಳುವಾದ ಬರ್ಂಟ್ ಸಿಯೆನ್ನಾ ಬಳಿದು ಮೊದಲೇ ಒಣಗಿಸಿಕೊಳ್ಳಿ. ಆಗ ಬಿಳಿ ಹಿನ್ನೆಲೆ ಕಣ್ಣಿಗೆ ಹೊಡೆಯುವುದಿಲ್ಲ. ಕೂತೊಡನೆ ಕಣ್ಣು ಅರೆಮುಚ್ಚಿ ನೋಡಿ. ಎಲೆ, ಅಲೆಗಳೆಲ್ಲ ಕರಗಿ ಮೂರೋ ನಾಲ್ಕೋ ದೊಡ್ಡ ಕಪ್ಪು-ಬಿಳುಪಿನ ಆಕಾರಗಳು ಉಳಿಯುತ್ತವೆ. ನೆರಳಿನ ಆಕಾರಗಳನ್ನು ಮೊದಲ ಕಾಲು ಗಂಟೆಯಲ್ಲೇ ಗುರುತು ಹಾಕಿ. ಆಮೇಲೆ ಸೂರ್ಯ ಎಲ್ಲಿಗೇ ಹೋಗಲಿ, ಅವನ್ನು ಕದಲಿಸಬೇಡಿ. ನೆರಳಿಗೆ ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಜೀವವಿರುವ ಕಪ್ಪು ಸಿಗುತ್ತದೆ.

ಬೋರ್ಡಿನ ಮೇಲೆ ನೇರ ಬಿಸಿಲು ಬೀಳದಂತೆ ಕೂರಿ. ಬಿಸಿಲಲ್ಲಿ ಪ್ರತಿ ಬಣ್ಣವೂ ಉಜ್ವಲವಾಗಿ ಕಾಣುವುದರಿಂದ ಗಾಢವಾಗಿಯೇ ಬಳಿಯುತ್ತೇವೆ, ಮನೆಗೆ ತಂದಾಗ ಚಿತ್ರ ಮಂಕಾಗಿರುತ್ತದೆ. ಬೆಳಕು ಬದಲಾದಾಗ ನಿಲ್ಲಿಸಿ, ಮರುದಿನ ಅದೇ ಹೊತ್ತಿಗೆ ಮುಂದುವರಿಸಿ. ಇಂಗ್ಲೆಂಡಿನ ಜಾನ್ ಕಾನ್ಸ್‌ಟೆಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಚಿತ್ರಿಸುವಾಗ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕನ್ನು ಬರೆದಿಡುತ್ತಿದ್ದ. ನೀವೂ ಬರೆದಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಹೊರಗೆ ಹೋಗುವಂತಿಲ್ಲ. ಮನೆಯೊಳಗೆ ಬರೆದರೆ ಬಣ್ಣ ವಾರಗಟ್ಟಲೆ ಒಣಗುವುದಿಲ್ಲ. ಸುಮ್ಮನಿರುವುದೇ ಮೇಲೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಸುಮ್ಮನಿರಬೇಡಿ. ಇಟಲಿಯ ಜಾರ್ಜಿಯೊ ಮೊರಾಂಡಿ ಬೊಲೊನ್ಯಾದ ಮನೆಯ ಕೋಣೆಯಲ್ಲಿ ಬಾಟಲಿ, ಹೂಜಿ, ಡಬ್ಬಗಳನ್ನು ಜೋಡಿಸಿಕೊಂಡು ದಶಕಗಳ ಕಾಲ ಬರೆದ. ನಿಮ್ಮಲ್ಲಿ ಜಗಲಿಯಿದೆ, ಅಡುಗೆಮನೆಯಿದೆ. ಮೋಡ ಕವಿದ ದಿನ ಕಿಟಕಿಯ ಬೆಳಕು ಗಂಟೆಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ಬಿಸಿಲಿನ ದಿನ ಆ ಅನುಕೂಲ ಸಿಗದು. ಒದ್ದೆ ಅಂಗಳದ ಬೆಳಕು ಹಿತ್ತಾಳೆ ಚೊಂಬಿನ ಹೊಟ್ಟೆಯ ಮೇಲೆ ಬಿದ್ದಾಗ ಹಳದಿಯ ನಡುವೆ ಹಸಿರುಬೂದು ಪಟ್ಟಿಯೊಂದು ಕಾಣುತ್ತದೆ. ಅದನ್ನು ಸರಿಯಾಗಿ ಕಲಸುವುದು ಒಳ್ಳೆಯ ಅಭ್ಯಾಸ.

ಇನ್ನು ಒಣಗುವ ವಿಚಾರ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಚಳಿ, ತೇವದಲ್ಲಿ ಅದು ನಿಧಾನ. ಹಾಗಾಗಿ ಬಣ್ಣ ತೆಳುವಾಗಿರಲಿ. ಕೆಳಪದರಕ್ಕೆ ಅಂಬರ್ ಎಂಬ ಕಂದು ಬಣ್ಣ ಬಳಸಿ, ಅದರಲ್ಲಿರುವ ಮ್ಯಾಂಗನೀಸ್‌ನಿಂದ ಬೇಗ ಒಣಗುತ್ತದೆ. ಎಣ್ಣೆ ಹೆಚ್ಚಿರುವ ಪದರ ಯಾವತ್ತೂ ಮೇಲಿರಲಿ, ಕೆಳಗಿದ್ದರೆ ಮುಂದೆ ಬಿರುಕು ಬಿಡುತ್ತದೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಯಾಗಿ ಹರಡಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.