ಖಾಲಿ ಟ್ರೈಲರಿನ ಕುಣಿತಕ್ಕೆ ಮದ್ದು

ಕಬ್ಬು ತುಂಬಿಕೊಂಡು ಹೋಗುವಾಗ ತಣ್ಣಗೆ ಬರುವ ಟ್ರೈಲರು, ಕಾರ್ಖಾನೆಯಲ್ಲಿ ಲೋಡ್ ಇಳಿಸಿ ವಾಪಸ್ಸಾಗುವಾಗ ದಡಬಡ ಕುಣಿಯುತ್ತೆ, ಸೊಂಟ ಬಿದ್ದುಹೋಗುತ್ತೆ ದೊಡ್ಡಪ್ಪ ಅಂದೆಯಲ್ಲ. ಸ್ಪ್ರಿಂಗಿನಿಂದ ಒಂದೆರಡು ಪ್ಲೇಟು ಬಿಚ್ಚಿಸಿಬಿಡ್ಲಾ ಅಂತಲೂ ಕೇಳಿದೆ. ಅವಸರ ಮಾಡಬೇಡ ಮಗಾ. ಪ್ಲೇಟಿಗೆ ಕೈ ಹಾಕೋದು ಕೊನೆಗೆ.

ಸ್ಪ್ರಿಂಗನ್ನು ಕಟ್ಟಿರೋದೇ ಭಾರಕ್ಕೆ. ಖಾಲಿ ಟ್ರೈಲರು ಒಂದೂವರೆ ಟನ್ ತೂಗುತ್ತೆ, ಮೇಲೆ ಆರು ಟನ್ ಕಬ್ಬು ಬೀಳುತ್ತೆ ಅಂತಿಟ್ಟುಕೋ. ಅಷ್ಟು ತೂಕಕ್ಕೆ ಸ್ಪ್ರಿಂಗು 60 ಮಿಲಿಮೀಟರ್ ಕುಗ್ಗಿದರೆ, ಖಾಲಿಯಲ್ಲಿ ಕುಗ್ಗೋದು ಬರೀ 12. 60 ಕುಗ್ಗಿದ್ದು ಸೆಕೆಂಡಿಗೆ ಸುಮಾರು 2 ಸಲ ಮೇಲೆ ಕೆಳಗೆ ಆಡುತ್ತೆ, 12 ಕುಗ್ಗಿದ್ದು 4ರಿಂದ 5 ಸಲ. ಮೊದಲನೆಯದು ತೂಗಿದ ಹಾಗಿರುತ್ತೆ, ಎರಡನೆಯದು ಒನಕೆಯಲ್ಲಿ ಕುಟ್ಟಿದ ಹಾಗೆ. ಇನ್ನೊಂದು ವಿಷಯ: ಚಕ್ರ ಗುಂಡಿಗೆ ಇಳಿಯುವಾಗ ಸ್ಪ್ರಿಂಗು ಬಿಚ್ಚಿಕೊಂಡು ಅದನ್ನು ನೆಲಕ್ಕೆ ಒತ್ತಬೇಕು. ಬಿಚ್ಚಿಕೊಳ್ಳೋಕೆ ಅದರ ಹತ್ತಿರ ಇರೋದು ಆ 12 ಮಿಲಿಮೀಟರೇ. ಅದಕ್ಕೇ ಚಕ್ರ ನೆಲ ಬಿಟ್ಟು ಹಾರೋದು.

ಹಾಗಂತ ನೀನು ಅನುಭವಿಸ್ತಿರೋ ಕುಲುಕಾಟವೆಲ್ಲ ಸ್ಪ್ರಿಂಗಿನದೇ ಅಂದುಕೋಬೇಡ. ಸೊಂಟಕ್ಕೆ ಹಿಂದಿನಿಂದ ಗುದ್ದಿದ ಹಾಗಾದರೆ ಅದು ಕೊಂಡಿಯ ಕೆಲಸ. ಟ್ರೈಲರಿನ ಮೂತಿಯಲ್ಲಿರೋ ಬಳೆ ಸವೆದು ಮೊಟ್ಟೆಯಾಕಾರ ಆಗಿರುತ್ತೆ, ಪಿನ್ನು ನಡುವೆ ತೆಳ್ಳಗಾಗಿರುತ್ತೆ. ತುಂಬಿದಾಗ ಎಳೆತ ಸಡಿಲ ಬಿಡದೆ ಇರೋದರಿಂದ ಅಷ್ಟಾಗಿ ಗೊತ್ತಾಗಲ್ಲ. ಖಾಲಿಯಲ್ಲಿ ಟ್ರೈಲರು ಹಿಂದೆ ಮುಂದೆ ಓಡಾಡಿ ಪ್ರತಿ ಗುಂಡಿಗೂ ಒಂದು ಗುದ್ದು. ಪಿನ್ನು ಹೊಸದು ಹಾಕು, ಬಳೆಗೆ ಲೇತ್ ಅಂಗಡಿಯಲ್ಲಿ ಬುಷ್ ಕೂರಿಸು. ಖರ್ಚು ಕಮ್ಮಿ, ಫಲ ಜಾಸ್ತಿ.

ಆಮೇಲೆ ಟೈರಿನ ಗಾಳಿ. ಹಂಗಾಮಿನಲ್ಲಿ ಕಲ್ಲಿನ ಹಾಗೆ ಹೊಡೆಸಿಟ್ಟ ಗಾಳಿಯಲ್ಲೇ ವರ್ಷವಿಡೀ ಓಡಿಸ್ತೀರಿ. ದಿನಕ್ಕೆರಡು ಟ್ರಿಪ್ ಹೊಡೆಯುವಾಗ ಇಳಿಸೋದು, ತುಂಬೋದು ಆಗದ ಮಾತು, ಒಪ್ಪಿದೆ. ಆದರೆ ಹಂಗಾಮು ಮುಗಿದು ಹುಲ್ಲು, ಗೊಬ್ಬರ ಹೇರುವ ದಿನಗಳಲ್ಲಿ ಟೈರ್ ಕಂಪನಿಯ ಪಟ್ಟಿ ನೋಡಿ ಆ ತೂಕಕ್ಕೆ ತಕ್ಕಷ್ಟೇ ಇಡು. ಮತ್ತೆ ಕಬ್ಬು ಏರಿಸೋ ಮೊದಲು ಪೂರ್ತಿ ಹೊಡೆಸದಿದ್ದರೆ ಟೈರು ಕಾಯ್ದು ಸಿಡಿಯುತ್ತೆ, ನೆನಪಿರಲಿ.

ಈಗ ಸ್ಪ್ರಿಂಗಿಗೆ ಬಾ. ಬಗ್ಗಿ ನೋಡು: ಪ್ಲೇಟುಗಳ ಸಂದಿಯಲ್ಲಿ ಕೆಂಪು ಪುಡಿ ಉದುರುತ್ತಿದ್ದರೆ ಒಳಗೆ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿವೆ ಅಂತ ಅರ್ಥ. ಏಳೆಂಟು ಟನ್ ಬಿದ್ದರೆ ಹೇಗೋ ಜಾರುತ್ತವೆ. ಖಾಲಿ ಡಬ್ಬದ ತೂಕಕ್ಕೆ ಜಾರೋದೇ ಇಲ್ಲ, ಸ್ಪ್ರಿಂಗು ಇದ್ದೂ ಇಲ್ಲದ ಹಾಗೆ. ಜಾಕನ್ನು ಆಕ್ಸಲ್ಲಿಗೆ ಕೊಡದೆ ಚಾಸಿಗೆ ಕೊಟ್ಟು ಎತ್ತು, ಅಡಿಗೆ ಗಟ್ಟಿ ಮರದ ದಿಮ್ಮಿ ಇಡು. ಬರೀ ಜಾಕ್ ನಂಬಿ ಕೆಳಗೆ ತೂರಬೇಡ ಕಣೋ. ಚಕ್ರ ಜೋತುಬಿದ್ದಾಗ ಪ್ಲೇಟುಗಳು ಬಾಯಿ ಬಿಡುತ್ತವೆ. ತಂತಿ ಬ್ರಷ್ಷಿನಲ್ಲಿ ತಿಕ್ಕಿ ಗ್ರಾಫೈಟ್ ಗ್ರೀಸ್ ಸವರು. ಶ್ಯಾಕಲ್ ಪಿನ್ನಿಗೂ ಗ್ರೀಸ್ ಹೊಡಿ, ಬುಷ್ ಸವೆದಿದ್ದರೆ ಬದಲಿಸು. ಮುಗಿದ ಮೇಲೆ ತೇಲಾಟ ಹೆಚ್ಚಾಯ್ತು ಅನ್ನಿಸಿದರೆ ಶಾಕ್ ಅಬ್ಸಾರ್ಬರ್ ಕೂರಿಸಬಹುದು. ಅದು ಸ್ಪ್ರಿಂಗನ್ನು ಮೆತ್ತಗೆ ಮಾಡಲ್ಲ, ಒಮ್ಮೆ ಎದ್ದ ಕುಣಿತವನ್ನು ಬೇಗ ನಿಲ್ಲಿಸುತ್ತೆ ಅಷ್ಟೆ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಪ್ಲೇಟು ಎಣಿಸು. ಓವರ್‌ಲೋಡ್ ಆಸೆಗೆ ಒಂದೆರಡು ಹೆಚ್ಚಿಗೆ ಹಾಕಿಸೋ ಚಟ ಇದ್ದೇ ಇದೆ. ನಿನ್ನದು ಸೆಕೆಂಡ್ ಹ್ಯಾಂಡ್ ಟ್ರೈಲರು ಬೇರೆ. ಕಟ್ಟಿಕೊಟ್ಟವರ ಲೆಕ್ಕಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದನ್ನು ತೆಗೆಸು, ಅದಕ್ಕಿಂತ ಒಂದೂ ಕಮ್ಮಿ ಮಾಡಬೇಡ. ತುಂಬಿದ ಟ್ರೈಲರಿನಲ್ಲಿ ಪ್ಲೇಟು ಮುರಿದರೆ ಆಕ್ಸಲ್ ಓರೆಯಾಗಿ ಇಡೀ ಲೋಡು ಪಕ್ಕಕ್ಕೆ ವಾಲುತ್ತೆ. ಕೈಯಲ್ಲಿ ದುಡ್ಡು ಆಡುವಾಗ ಲಾರಿಗಳಲ್ಲಿರೋ ಹಾಗೆ ಎರಡು ಹಂತದ ಕಟ್ಟು ಮಾಡಿಸು. ಕೆಳಗಿನ ದೊಡ್ಡ ಕಟ್ಟು ಸ್ವಲ್ಪ ಮೆತ್ತಗೆ, ಮೇಲಿನ ಚಿಕ್ಕ ಹೆಲ್ಪರ್ ಕಟ್ಟು ಖಾಲಿಯಲ್ಲಿ ಯಾವುದಕ್ಕೂ ತಾಗದೆ ಸುಮ್ಮನಿರುತ್ತೆ, ಭಾರ ಬಿದ್ದಾಗ ಬ್ರಾಕೆಟ್ಟಿಗೆ ಒರಗಿ ಹೊರೋಕೆ ಶುರುಮಾಡುತ್ತೆ. ಖಾಲಿಗೂ ಲೋಡಿಗೂ ಎರಡಕ್ಕೂ ಒಗ್ಗೋ ಉಪಾಯ ನನ್ನ ಕಣ್ಣಿಗೆ ಇದೊಂದೇ. ಮರಳು ಮೂಟೆ ಹೇರಿಕೊಂಡು ಬರೋದು ಸುಮ್ಮನೆ ಡೀಸೆಲ್ ಸುಡೋ ದಾರಿ.

ಹಿಂದಿನ ಡಾಲಾದ ಚಿಲಕಕ್ಕೆ ಹಳೇ ಟ್ಯೂಬಿನ ತುಂಡು ಸುತ್ತಿಬಿಡು, ಅರ್ಧ ಗಲಾಟೆ ಅಲ್ಲೇ ಅಡಗುತ್ತೆ. ಸ್ಪ್ರಿಂಗ್ ಬಿಚ್ಚಿ ಕೂರಿಸಿದ ಮೇಲೆ ಮೊದಲ ಲೋಡ್ ಹೊತ್ತು ಬಂದ ಕೂಡಲೇ ಯು-ಬೋಲ್ಟ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸು. ಮೆಕ್ಯಾನಿಕ್ ಹೇಳಲ್ಲ, ನೀನೇ ನೆನಪಿಟ್ಟುಕೊಂಡು ಮಾಡಿಸಬೇಕು.