ಟಿಲ್ಲರ್ ತರಿಸುವ ಮೊದಲು

ಮಳೆ ಬಂತು ಅಂದ್ರೆ ಊರಲ್ಲಿ ಎಲ್ಲರಿಗೂ ಅವಸರ. ಟಿಲ್ಲರ್ ಮೊದಲು ನಮ್ಮ ಹೊಲಕ್ಕೆ ಬರಲಿ ಅನ್ನುತ್ತಾರೆ. ಹೊಲ ಹದಕ್ಕೆ ಬಂದಿದೆಯಾ ಎಂದು ನೋಡುವವರು ಕಡಿಮೆ. ಬಾಡಿಗೆ ಗಂಟೆ ಲೆಕ್ಕ. ಹದ ತಪ್ಪಿದರೆ ದುಡ್ಡೂ ಹೋಯಿತು, ಮಣ್ಣೂ ಕೆಟ್ಟಿತು.

ಟಿಲ್ಲರ್ ಅಂದ್ರೆ ಹ್ಯಾಂಡಲ್ ಹಿಡಿದು ನಡೆಸುವ ಯಂತ್ರ. ಮುಂದೆ ಎಂಜಿನ್. ಅದರ ಕೆಳಗೆ ಎರಡು ಗಾಲಿ. ಹಿಂದೆ ರೋಟರಿ. ರೋಟರಿ ಎಂದರೆ ಬಾಗಿದ ಬ್ಲೇಡುಗಳು ಇರುವ, ತಿರುಗುವ ದಂಡ. ಗಾಲಿ ನಿಧಾನವಾಗಿ ಮುಂದೆ ಹೋಗುತ್ತದೆ. ಬ್ಲೇಡು ಜೋರಾಗಿ ತಿರುಗಿ ಮಣ್ಣು ಕೊಚ್ಚುತ್ತದೆ. ನೇಗಿಲು ಮಣ್ಣನ್ನು ಸೀಳುತ್ತದೆ. ಟಿಲ್ಲರ್ ಪುಡಿ ಮಾಡುತ್ತದೆ.

ಇದು ನಮಗೆ ಹೊಸದೇನಲ್ಲ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಶುರುವಾಗಿದ್ದು 1967ರಲ್ಲಿ. ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಾಯ ಪಡೆದು ಅದು ಟಿಲ್ಲರ್ ತಯಾರಿಸಿತು.

ಹದ ನೋಡುವುದು ಹೇಗೆ? ಈ ಅತ್ತೆ ಸೊಸೆ ಮಾತು ಓದಿ.

ಸೊಸೆ: ಅತ್ತೆ, ನಿನ್ನೆ ಒಳ್ಳೆ ಮಳೆ ಆಯ್ತು. ಇವತ್ತೇ ಟಿಲ್ಲರ್ ತರಿಸೋಣ್ವಾ?

ಅತ್ತೆ: ಮೊದ್ಲು ಒಂದು ಹಿಡಿ ಮಣ್ಣು ತಗೊಂಡು ಬಾ. ಮೇಲಿಂದಲ್ಲ, ಅರ್ಧ ಗೇಣು ಕೆಳಗಿಂದ.

ಸೊಸೆ: ಇಲ್ಲಿದೆ ನೋಡಿ.

ಅತ್ತೆ: ಮುಷ್ಟೀಲಿ ಅದುಮು. ಉಂಡೆ ಆಯ್ತಾ? ಈಗ ಸೊಂಟದ ಎತ್ತರದಿಂದ ಕೆಳಗೆ ಬಿಡು.

ಸೊಸೆ: ಬಿಟ್ಟೆ. ಒಡೀಲಿಲ್ಲ. ಮುದ್ದೆ ಥರ ಕೂತಿದೆ. ಕೈಗೂ ಅಂಟಿದೆ.

ಅತ್ತೆ: ಇನ್ನೂ ಹಸಿ ಇದೆ. ಇವತ್ತು ಬೇಡ ಅನ್ನು.

ಸೊಸೆ: ಅವ್ರು ಮತ್ತೆ ಯಾವಾಗ ಬರ್ತಾರೋ ಏನೋ!

ಅತ್ತೆ: ಎರಡು ದಿನ ಬಿಟ್ಟು ಬರ್ಲಿ. ಹೊಲ ಅವರದಲ್ಲ, ನಮ್ಮದು.

ಅತ್ತೆ ಹೇಳಿದ್ದು ಸರಿ. ಹಸಿ ಮಣ್ಣನ್ನು ಬ್ಲೇಡು ಪುಡಿ ಮಾಡುವುದಿಲ್ಲ, ಮೆತ್ತುತ್ತದೆ. ಆಮೇಲೆ ಬಿಸಿಲು ಬಿದ್ದರೆ ಹೆಂಟೆಗಳು ಇಟ್ಟಿಗೆ ಹಾಗೆ ಗಟ್ಟಿ. ಉಂಡೆ ಆಗಬೇಕು, ಬಿದ್ದರೆ ಪುಡಿಪುಡಿಯಾಗಿ ಒಡೆಯಬೇಕು. ಅದೇ ಹದ. ಉಂಡೆಯೇ ಆಗದಿದ್ದರೆ ಮಣ್ಣು ಒಣಗಿದೆ. ಗಟ್ಟಿ ನೆಲದಲ್ಲಿ ಯಂತ್ರ ಎಗರುತ್ತದೆ. ಕೆಂಪು ಮಣ್ಣು ಬೇಗ ಆರುತ್ತದೆ. ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಹದ ಸಿಗುವುದು ಕೆಲವೇ ದಿನ. ಎರೆ ಹೊಲದವರು ದಿನಾ ಹೋಗಿ ನೋಡಬೇಕು.

ಕಲ್ಲು, ತಂತಿ, ಬಟ್ಟೆ ಚೂರು ಮೊದಲೇ ಆರಿಸಿ ಹಾಕಿ. ಗರಿಕೆ ಇದ್ದರೆ ಇನ್ನೂ ಜಾಗ್ರತೆ. ಗರಿಕೆಗೆ ಗೆಣ್ಣು ಗೆಣ್ಣಿಗೂ ಜೀವ. ಟಿಲ್ಲರ್ ಅದನ್ನು ನೂರು ತುಂಡು ಮಾಡಿ ಹೊಲದ ತುಂಬ ನೆಟ್ಟು ಹೋಗುತ್ತದೆ! ಬೇರು ಸಮೇತ ಕಿತ್ತು, ಒಣಗಿಸಿ, ಆಮೇಲೆ ಟಿಲ್ಲರ್ ಬಿಡಿ.

ಮೊದಲ ಸಲ 2-3 ಇಂಚು ಆಳ ಸಾಕು. ಮೇಲಿನ ಗಟ್ಟಿ ಒಡೆಯಲಿ. ಕೊಟ್ಟಿಗೆ ಗೊಬ್ಬರ ಹರಡಿ. ಎರಡನೇ ಸಲ ಅಡ್ಡಡ್ಡ ಹೊಡೆಸಿ, 5-6 ಇಂಚು. ಆಳ ಹೆಚ್ಚು ಕಡಿಮೆ ಮಾಡಲು ಹಿಂದೆ ಒಂದು ಸಣ್ಣ ಗಾಲಿ ಇದೆ. ಒಂದೇ ಏಟಿಗೆ ಆಳಕ್ಕೆ ಬಿಟ್ಟರೆ ಎಂಜಿನ್ ತಿಣುಕುತ್ತದೆ.

"ಇನ್ನೊಂದು ಸಲ ಹೊಡೀರಿ, ಹಿಟ್ಟಿನ ಹಾಗೆ ಆಗ್ಲಿ" ಅನ್ನುವವರು ಬಹಳ. ನನಗೆ ಅದು ಸರಿ ಕಾಣುವುದಿಲ್ಲ. ಹಿಟ್ಟಾದ ಮಣ್ಣಿನ ಮೇಲೆ ಮಳೆ ಬಿದ್ದರೆ ಹೆಪ್ಪು ಕಟ್ಟುತ್ತದೆ. ನೀರು ಇಂಗದೆ ಹರಿದು ಹೋಗುತ್ತದೆ. ಮೊಳಕೆ ಮೇಲೆ ಬರಲು ಕಷ್ಟ. ಕಡಲೆ ಗಾತ್ರದ ಹೆಂಟೆ ಉಳಿದರೆ ಒಳ್ಳೆಯದೇ. ಇನ್ನೊಂದು ಮಾತು. ವರ್ಷ ವರ್ಷ ಅದೇ ಆಳಕ್ಕೆ ಹೊಡೆದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ. ಬೇರು ಇಳಿಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿಸಿ.

ತರಕಾರಿ ಸಾಲಿನ ನಡುವೆ ಕಳೆ ತೆಗೆಯಲು ಸಣ್ಣ ಯಂತ್ರ ಸಿಗುತ್ತದೆ. ಅದು 1-2 ಇಂಚು ಹೋದರೆ ಸಾಕು. ಆಳ ಹೋದರೆ ಗಿಡದ ಬೇರು ತುಂಡಾಗುತ್ತದೆ. ಯಂತ್ರ ಹಿಡಿಸುವಷ್ಟು ಸಾಲು ಬಿಟ್ಟು ನಾಟಿ ಮಾಡಿ.

"ಹೆಂಗಸರ ಕೈಲಿ ಇದು ಆಗಲ್ಲ" ಅನ್ನುತ್ತಾರೆ. ದೊಡ್ಡ ಟಿಲ್ಲರ್ ಭಾರ, ತಿರುಗಿಸುವುದು ಕಷ್ಟ, ನಿಜ. ಸಣ್ಣದನ್ನು ಕಲಿತರೆ ಹೆಂಗಸರೂ ನಡೆಸಬಹುದು. ಸೆರಗು ಬಿಗಿಯಾಗಿ ಸಿಕ್ಕಿಸಿ. ಜಡೆ ಕಟ್ಟಿ. ಬ್ಲೇಡಿಗೆ ಹುಲ್ಲು ಸುತ್ತಿದರೆ ಎಂಜಿನ್ ನಿಲ್ಲಿಸಿಯೇ ಕೈ ಹಾಕಿ. ರೋಟರಿ ತಿರುಗುವಾಗ ಹಿಂದಕ್ಕೆ ಬರಬೇಡಿ, ಕಾಲಿಗೆ ಬರುತ್ತದೆ. ಮಕ್ಕಳು ದೂರ ಇರಲಿ. ಇಳಿಜಾರಿನಲ್ಲಿ ದೊಡ್ಡ ಟಿಲ್ಲರಿನ ಪಕ್ಕದ ಕ್ಲಚ್ಚು ಒತ್ತಿದರೆ ಅದು ಉಲ್ಟಾ ಕಡೆಗೆ ತಿರುಗಬಹುದು. ಹೊಸಬರು ಅಲ್ಲಿ ನಡೆಸುವುದೇ ಬೇಡ.

ಬಾಡಿಗೆ ಮಾತು. ರೋಟರಿ 2 ಅಡಿ ಅಗಲ ಇದ್ದರೆ 1 ಎಕರೆಗೆ ಒಂದು ಸಲ ಹೊಡೆಯಲು ಆರೂವರೆ ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಸಮಯ ಹಿಡಿಯುತ್ತದೆ. ಆದರೆ ಯಂತ್ರ ಕೆಟ್ಟು ನಿಂತ ಸಮಯಕ್ಕೆ ದುಡ್ಡು ಯಾಕೆ? ಇದನ್ನು ಮೊದಲೇ ಮಾತಾಡಿಕೊಳ್ಳಿ. ಶುರುವಾದ ಹೊತ್ತು, ನಿಂತ ಹೊತ್ತು ನೀವೇ ಚೀಟಿಯಲ್ಲಿ ಬರೆಯಿರಿ. ಬಾಡಿಗೆ ದರ, ಸಬ್ಸಿಡಿ ವಿಚಾರ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಈ ಚೀಟಿ ಓದಿ, ಲೆಕ್ಕ ಮಾಡಿ:

ಶುರು: 8 ಗಂಟೆ 15 ನಿಮಿಷ
ಮುಗಿದದ್ದು: 11 ಗಂಟೆ 30 ನಿಮಿಷ
ಬೆಲ್ಟ್ ಕಿತ್ತು ನಿಂತದ್ದು: 30 ನಿಮಿಷ

ಎಷ್ಟು ಹೊತ್ತಿಗೆ ಬಾಡಿಗೆ ಕೊಡಬೇಕು?